ಮಗ್ಗದ ಮನೆಗೆ ಬಂದ ಪೆಟ್ಟಿಗೆ

ಗ್ರಾಮಸಭೆಯಲ್ಲಿ ಬಾಯಿ ತೆರೆಯಬಾರದು ಎಂಬುದನ್ನು ನಾನು ಈ ವಯಸ್ಸಿನಲ್ಲಿ ಕಲಿತೆ. ಕಲಿಯಬೇಕಾದ್ದನ್ನೆಲ್ಲ ತಡವಾಗಿ ಕಲಿಯುವುದು ನನ್ನ ಹುಟ್ಟುಗುಣ. ಈಜು ಕಲಿಯುವ ಹೊತ್ತಿಗೆ ನಮ್ಮೂರ ಕೆರೆಯಲ್ಲಿ ನೀರಿರಲಿಲ್ಲ, ಮಗ್ಗದ ಕೆಲಸ ಪೂರ್ತಿ ಕಲಿಯುವ ಹೊತ್ತಿಗೆ ಮನೆಯಲ್ಲಿ ಮಗ್ಗವಿರಲಿಲ್ಲ. ಸೀರೆಗೆ ಬೆಲೆ ಗಿಟ್ಟುತ್ತಿಲ್ಲವೆಂದು ಇದ್ದ ಎರಡು ಪವರ್‌ಲೂಮನ್ನೂ ಮಾರಿ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವನು ನಾನು. ಮಗ್ಗದ ಮನೆ ಮಾತ್ರ ಹಾಗೇ ಖಾಲಿ ಉಳಿಯಿತು. ಖಾಲಿ ಜಾಗ ಇರುವವನು ಸಭೆಯಲ್ಲಿ ಇನ್ನೂ ಹುಷಾರಾಗಿರಬೇಕು. ಇದು ಆಗ ಗೊತ್ತಿರಲಿಲ್ಲ.

ಆ ದಿನ ಪಂಚಾಯಿತಿಯಲ್ಲಿ ಉಳಿದ ಹಣವನ್ನು ಏನು ಮಾಡುವುದೆಂಬ ಚರ್ಚೆ. ಮಾರ್ಚ್ ಕಳೆದರೆ ಹಣ ವಾಪಸ್ ಹೋಗುತ್ತದೆ ಎಂದು ಪಿಡಿಒ ಹೇಳಿದ್ದೇ ತಡ, ಅಲ್ಲಿಯವರೆಗೆ ತೂಕಡಿಸುತ್ತಿದ್ದವರೆಲ್ಲ ಊರಿನ ಉದ್ಧಾರಕ್ಕೆ ಎದ್ದು ಕೂತರು. ಒಬ್ಬರಿಗೆ ಊರ ಬಾಗಿಲಲ್ಲಿ ಸ್ವಾಗತ ಕಮಾನು ಬೇಕು. ಹುಡುಗರಿಗೆ ಜಿಮ್ ಬೇಕು. ಮೆಂಬರ್ ರಾಜಣ್ಣನಿಗೆ ದೊಡ್ಡ ದೀಪದ ಕಂಬ ಬೇಕು, ಅದೂ ತನ್ನ ಮನೆಯ ಮುಂದೆ. ನನಗೆ ಅದೇನು ಅನ್ನಿಸಿತೋ, ಎದ್ದು ನಿಂತುಬಿಟ್ಟೆ. ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯ ಗಂಗಪ್ಪ ತೀರಿಕೊಂಡಾಗ, ದೂರದಲ್ಲಿದ್ದ ಮಗಳು ಬರುವವರೆಗೆ ಹೆಣ ಇಡಲು ತಾಲೂಕೆಲ್ಲ ಹುಡುಕಿದರೂ ಫ್ರೀಜರ್ ಪೆಟ್ಟಿಗೆ ಸಿಗದೆ, ಐಸ್ ಗಡ್ಡೆಯ ಮೇಲೆ ಮಲಗಿಸಿದ್ದನ್ನು ನೆನಪಿಸಿದೆ. ಬದುಕಿದವರಿಗೆ ಏನು ಮಾಡಿದರೂ ತೃಪ್ತಿಯಿಲ್ಲ, ಸತ್ತವರಿಗಾದರೂ ಒಂದು ಅನುಕೂಲ ಆಗಲಿ ಎಂದೆ. ಸಭೆ ಚಪ್ಪಾಳೆ ತಟ್ಟಿತು. ನನ್ನ ಮಾತಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಮನೆಯಲ್ಲಂತೂ ಆ ಪದ್ಧತಿಯೇ ಇಲ್ಲ.

ಪೆಟ್ಟಿಗೆ ತರುವುದೇನೋ ಪಾಸಾಯಿತು. ಇಡುವುದೆಲ್ಲಿ? ಪಂಚಾಯಿತಿಯ ಒಂದೇ ಒಂದು ಸ್ಟೋರ್ ರೂಮಿನ ತುಂಬ ಮನೆಮನೆಗೆ ಹಂಚಬೇಕಾಗಿದ್ದ ಕಸದ ಬುಟ್ಟಿಗಳು. ಅವನ್ನು ಹಂಚಲು ದೊಡ್ಡವರೊಬ್ಬರು ಬರಬೇಕಿತ್ತು, ಅವರಿಗೆ ಬಿಡುವಾಗಿರಲಿಲ್ಲ. ಅಧ್ಯಕ್ಷೆ ಮಂಜುಳಮ್ಮ ಸುತ್ತ ನೋಡಿ, ನನ್ನ ಮೇಲೆ ಕಣ್ಣು ನಿಲ್ಲಿಸಿದರು.

"ಅಣ್ಣಾವ್ರ ಮಗ್ಗದ ಮನೆ ಖಾಲಿ ಐತಲ್ಲ. ಕರೆಂಟ್ ಐತೆ, ಬಾಗ್ಲೂ ದೊಡ್ಡದು. ಹೇಳ್ದೋರೇ ಇಟ್ಕೊಂಡ್ರೆ ಚೆಂದ."

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು.

ಪೆಟ್ಟಿಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಲಗೇಜ್ ಆಟೊದಲ್ಲಿ. ಗಾಜಿನ ಮುಚ್ಚಳದ ಉದ್ದನೆಯ ಪೆಟ್ಟಿಗೆಯನ್ನು ನಾಲ್ವರು ಇಳಿಸಿ ನಮ್ಮ ಮನೆಯೊಳಗೆ ಸಾಗಿಸುತ್ತಿದ್ದುದನ್ನು ಬೀದಿಯೆಲ್ಲ ನೋಡಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎದುರು ಮನೆಯ ಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು, "ಎಷ್ಟೊತ್ತಿಗೆ ಎತ್ತೋದು?" ಎಂದು ಕೇಳಿದರು. ನನ್ನ ಹೆಂಡತಿ ಜಯಮ್ಮ ನನ್ನತ್ತ ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ನೋಟದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೂಲಿಬೆಲೆಯಿಂದ ನನ್ನ ಭಾವಮೈದ ಶಿವಣ್ಣ ಬಿಳಿ ಪಂಚೆಯುಟ್ಟು ಸ್ಕೂಟರಿನಲ್ಲಿ ಬಂದಿಳಿದ. ಯಾರೋ ಫೋನ್ ಮಾಡಿದ್ದರಂತೆ. ವಿಷಯ ತಿಳಿದ ಮೇಲೆ ಅವನಿಗೆ ಪಾಪ ಎಲ್ಲಿ ನೋಡಬೇಕೆಂದೇ ತೋಚಲಿಲ್ಲ. ಚೀಲದಲ್ಲಿ ಅಡಗಿಸಿಟ್ಟುಕೊಂಡು ತಂದಿದ್ದ ಸೇವಂತಿಗೆ ಹಾರವನ್ನು ದೇವರ ಪಟಕ್ಕೆ ಹಾಕಿ, ಊಟ ಮುಗಿಸಿಕೊಂಡು ಹೋದ.

ಇಷ್ಟರವರೆಗೆ ತಮಾಷೆಯೇ. ತಮಾಷೆ ಅಲ್ಲದ್ದು ನಮ್ಮಮ್ಮನದು. ಎಂಬತ್ತು ದಾಟಿದ ಜೀವ. ಒಂದು ವಾರ ಜ್ವರದಲ್ಲಿ ಮಲಗಿ ಆಗತಾನೆ ಚೇತರಿಸಿಕೊಳ್ಳುತ್ತಿದ್ದಳು. ಅವಳ ಕೋಣೆಗೂ ಮಗ್ಗದ ಮನೆಗೂ ನಡುವೆ ಒಂದೇ ಗೋಡೆ, ಒಂದೇ ಕಿಟಕಿ. ಪೆಟ್ಟಿಗೆ ಒಳಗೆ ಬಂದದ್ದನ್ನು ಅವಳು ಮಲಗಿದ್ದಲ್ಲಿಂದಲೇ ನೋಡಿದ್ದಳು. ಏನೆಂದು ಕೇಳಲಿಲ್ಲ. ಸಂಜೆ ಗಂಜಿ ಬೇಡವೆಂದಳು. ಮರುದಿನ ಇಡ್ಲಿಯನ್ನು ಮುಟ್ಟಲಿಲ್ಲ. ಅದರ ಮರುದಿನ ಕಿವಿಯ ಓಲೆ ಬಿಚ್ಚಿ ಜಯಮ್ಮನ ಕೈಗಿಟ್ಟು, "ಇಟ್ಕೊಳವ್ವ, ಆಮೇಲೆ ಗಡಿಬಿಡೀಲಿ ಎಲ್ಲಾದ್ರೂ ಕಳೆದೋದಾತು" ಎಂದಳಂತೆ.

ನಾನು ಹೋಗಿ ಪಕ್ಕದಲ್ಲಿ ಕೂತು, "ಅಮ್ಮಾ, ಅದು ನಮಗಲ್ಲ. ಊರಿಗೆ ತಂದಿರೋದು. ಪಂಚಾಯಿತಿಯೋರು ತಂದಿರೋದು" ಎಂದೆ.

"ಊರಿಗೆ ತಂದಿದ್ರೆ ನಮ್ಮನೇಲಿ ಯಾಕಪ್ಪ ಇಕ್ಕವ್ರೆ?"

ಒಳ್ಳೆಯ ಪ್ರಶ್ನೆ. ಸಭೆಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ.

"ಬೇಜಾರು ಮಾಡ್ಕೋಬೇಡ ಕಣೋ" ಎಂದು ಅವಳೇ ನನ್ನ ಕೈ ಸವರಿದಳು. "ಮುಂದಾಲೋಚನೆ ಮಾಡಿದೀಯ. ಗಂಗಪ್ಪನ ತರ ಐಸ್ ಮೇಲೆ ಮಲಗಿಸ್ತಾರೇನೋ ಅಂತ ನಂಗೂ ಇತ್ತು."

ಎದ್ದು ಹೊರಗೆ ಬಂದೆ. ನನ್ನನ್ನು ಹೆತ್ತವಳು ನನ್ನ ಭಾಷಣದ ದೆಸೆಯಿಂದ ಅನ್ನ ನೀರು ಬಿಟ್ಟು ಹೊರಟು ನಿಂತಿದ್ದಳು.

ಅಲ್ಲಿಂದ ನೇರ ಪಂಚಾಯಿತಿಗೆ ಹೋದೆ. ಮಂಜುಳಮ್ಮ ಕೆಟ್ಟವರಲ್ಲ. ನನ್ನ ಮಾತನ್ನೆಲ್ಲ ಕೇಳಿ ನಿಜವಾಗಿಯೂ ಮರುಗಿದರು. ಆದರೆ ಸಭೆಯಲ್ಲಿ ಆದ ತೀರ್ಮಾನ ಸಭೆಯಲ್ಲೇ ಬದಲಾಗಬೇಕಂತೆ, ಮುಂದಿನ ಸಭೆ ಮುಂದಿನ ತಿಂಗಳಂತೆ. ಪಕ್ಕದಲ್ಲಿ ಕೂತಿದ್ದ ರಾಜಣ್ಣ ಸಮಾಧಾನ ಹೇಳಿದ: "ಯಾರಾದ್ರೂ ಹೋದ್ರೆ ಅದು ತಾನಾಗೇ ಆಚೆ ಹೋಗ್ತದೆ ಬಿಡಿ ಅಣ್ಣ." ದೀಪದ ಕಂಬ ತಪ್ಪಿಸಿದ ಸಿಟ್ಟು ಅವನಿಗೆ ಇನ್ನೂ ಇತ್ತು. ಆದರೂ ಅವನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಮೇಲೆ ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ನನ್ನ ಕಿವಿ ನಿಮಿರುತ್ತಿತ್ತು. ಅರಳಿಕಟ್ಟೆಯ ಮೇಲೆ ಕೂರುವ ಮುದುಕರನ್ನು, ಆರೋಗ್ಯ ಹೇಗಿದೆಯೆಂದು ಒಬ್ಬೊಬ್ಬರನ್ನೇ ವಿಚಾರಿಸತೊಡಗಿದೆ. "ಬಲೇ ಒಳ್ಳೇ ಮನುಷ್ಯ ಕಣಪ್ಪ" ಎಂದು ಅವರು ನನ್ನನ್ನು ಹೊಗಳಿದರು. ಎಲ್ಲರೂ ಗುಂಡುಕಲ್ಲಿನಂತಿದ್ದರು.

ಅಮ್ಮ ಮಾತ್ರ ದಿನದಿನಕ್ಕೆ ಇಳಿದುಹೋಗುತ್ತಿದ್ದಳು. ಡಾಕ್ಟರು ಬಂದು ನೋಡಿ, ಕಾಯಿಲೆ ಏನೂ ಇಲ್ಲ, ತಿನ್ನಬೇಕು ಅಷ್ಟೇ ಎಂದರು. ಬಂದ ತಪ್ಪಿಗೆ ನನ್ನ ಸಕ್ಕರೆಯನ್ನೂ ಪರೀಕ್ಷೆ ಮಾಡಿ, ಮುದ್ದೆ ಒಂದಕ್ಕಿಂತ ಹೆಚ್ಚು ಮುಟ್ಟಕೂಡದು ಎಂದು ಹೇಳಿಹೋದರು. ತಿನ್ನಬೇಕಾದವಳು ತಿನ್ನುವುದಿಲ್ಲ, ತಿನ್ನುವವನಿಗೆ ಕೊಡುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಒಲೆ ಹಚ್ಚುವುದೇ ದಂಡವಾಯಿತು.

ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಜಯಮ್ಮ ಓಡಿ ಬಂದಳು. "ಅತ್ತೆ ಮಂಚದ ಮೇಲಿಲ್ಲ."

ಇಬ್ಬರೂ ಹುಡುಕಿದೆವು. ಮಗ್ಗದ ಮನೆಯ ಬಾಗಿಲು ತೆರೆದಿತ್ತು. ಅಮ್ಮ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ಹೋಗಿ, ಪೆಟ್ಟಿಗೆಯ ಪಕ್ಕ ನಿಂತು, ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕುತ್ತಿದ್ದಳು. ಒಂದು ಕಾಲದಲ್ಲಿ ಮಗ್ಗದಿಂದ ಇಳಿದ ಸೀರೆಯನ್ನು ಅದೇ ಜಾಗದಲ್ಲಿ ಹಾಗೇ ಅಳೆಯುತ್ತಿದ್ದವಳು. ಉದ್ದ ಅಳೆದಳು. ಅಗಲ ಅಳೆದಳು. ಆಮೇಲೆ ಮುಚ್ಚಳದ ಎತ್ತರಕ್ಕೆ ಗೇಣು ಹಾಕಿ, ಬಗ್ಗಿ ತನ್ನ ಮಂಡಿ ನೋಡಿಕೊಂಡಳು. ವಾಯು ಹಿಡಿದ ಆ ಮಂಡಿ ಮಡಚಿದ್ದು ನೆಟ್ಟಗಾಗದೆ ವರ್ಷಗಳೇ ಆಗಿವೆ. ರಾತ್ರಿ ಮಲಗುವುದೂ ಕಾಲು ಎತ್ತಿ ಮಡಚಿಕೊಂಡೇ.

"ಲೋ" ಎಂದಳು. ದನಿ ಬದಲಾಗಿತ್ತು. "ಇದು ನಂದಲ್ಲ ಕಣೋ."

"ಅದನ್ನೇ ಅಲ್ವೇನಮ್ಮ ನಾನು ಇಷ್ಟು ದಿನದಿಂದ ಹೇಳ್ತಿರೋದು."

"ನೀನು ಹೇಳೋದು ಬಿಡು. ನನ್ನ ಮಂಡಿ ಇದ್ರಾಗೆ ಹಿಡಿಸ್ತದಾ? ಮುಚ್ಚಳ ಕೂರಕ್ಕಿಲ್ಲ. ನಂಗೇ ಅಂತ ತಂದಿದ್ರೆ ನೀನು ಅಳತೆ ನೋಡಿ ತರ್ತಿದ್ದೆ. ನೇಯೋರ ಮನೇಲಿ ಹುಟ್ಟಿದೋನು, ಅಷ್ಟೂ ಗೊತ್ತಾಗಲ್ವಾ ನಿಂಗೆ." ಅಮ್ಮ ಜಯಮ್ಮನ ಕಡೆ ತಿರುಗಿದಳು. "ಬಸ್ಸಾರು ಮಾಡಿದೀಯೇನವ್ವ? ವಾಸನೆ ಬರ್ತೈತೆ."

ಬೆಳಿಗ್ಗೆ ಏಳು ಗಂಟೆಗೆ ಬಸ್ಸಾರು ಯಾರು ಮಾಡುತ್ತಾರೆ? ಹಿಂದಿನ ರಾತ್ರಿಯದು ಇತ್ತು, ಜಯಮ್ಮ ಅದನ್ನೇ ಬಿಸಿ ಮಾಡಿದಳು. ಬಿಸಿಬಿಸಿ ಮುದ್ದೆ ತೊಳಸಿದಳು. ಅಮ್ಮ ಗೋಡೆಗೆ ಒರಗಿ ಕೂತು, ಒಂದೊಂದೇ ತುತ್ತು ನುಂಗುವುದನ್ನು ನಾವಿಬ್ಬರೂ ನಿಂತು ನೋಡಿದೆವು. ಜಯಮ್ಮ ಅಡುಗೆಮನೆಗೆ ಹೋಗಿ ಅತ್ತಳು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ, ಸ್ವಲ್ಪ ಹೆಚ್ಚು ಹೊತ್ತೇ ತೊಳೆದೆ. ಓಲೆ ಮತ್ತೆ ಅಮ್ಮನ ಕಿವಿಗೆ ಬಂತು. ಕಳಚಿಕೊಟ್ಟಿದ್ದನ್ನು ವಾಪಸ್ ಇಸಿದುಕೊಂಡದ್ದಕ್ಕೆ ಅವಳಿಗೇನೂ ಸಂಕೋಚವಾಗಲಿಲ್ಲ.

ಮುಂದಿನ ತಿಂಗಳ ಸಭೆಗೆ ನಾನು ಬಾಯಿಗೆ ಅಡಿಕೆ ಹಾಕಿಕೊಂಡು ಹೋದೆ, ಮಾತು ಹೊರಡದಿರಲೆಂದು. ನಾನು ಮಾತಾಡುವ ಅಗತ್ಯವೂ ಬೀಳಲಿಲ್ಲ. ದೊಡ್ಡವರು ಬಂದಾಗ ಬರಲಿ, ಕಸದ ಬುಟ್ಟಿಗಳನ್ನು ನಾವೇ ಹಂಚೋಣ ಎಂದು ಮಂಜುಳಮ್ಮ ಪಟ್ಟು ಹಿಡಿದರು. ಬುಟ್ಟಿಗಳು ಮನೆಮನೆಗೆ ಹೋದವು, ರೂಮು ಖಾಲಿಯಾಯಿತು, ಪೆಟ್ಟಿಗೆಗೆ ಜಾಗವಾಯಿತು. ಒಂದು ತೀರ್ಮಾನಕ್ಕೆ ಊರಿನ ಕಸವೂ ನಮ್ಮ ಮನೆಯ ಸಂಕಟವೂ ಒಟ್ಟಿಗೆ ದಾರಿಗೆ ಬಂದವು. ಸರ್ಕಾರದ ಕೆಲಸಗಳನ್ನು ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಲ್ಲ, ಆದರೂ ಆವತ್ತು ನೆಮ್ಮದಿಯಿಂದ ಮನೆಗೆ ನಡೆದೆ.

ನಿನ್ನೆ ಪೆಟ್ಟಿಗೆ ಹೊರಟಿತು. ಮೂವರೇ ಬಂದಿದ್ದರಿಂದ ನಾಲ್ಕನೆಯ ಮೂಲೆಗೆ ನಾನೇ ಕೈ ಕೊಟ್ಟೆ. ಹೊಸ್ತಿಲ ಹತ್ತಿರ ದಣಿವಾರಿಸಿಕೊಳ್ಳಲು ಕೆಳಗಿಟ್ಟು ಅದರ ಪಕ್ಕ ನಿಂತಿದ್ದೆ. ಜಗಲಿಯ ಮೇಲೆ ಕೂತಿದ್ದ ಅಮ್ಮ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣು ನನ್ನ ನೆತ್ತಿಯಿಂದ ಹಿಮ್ಮಡಿಯವರೆಗೆ ಇಳಿಯಿತು, ಮತ್ತೆ ಪೆಟ್ಟಿಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ತುಟಿ ಅಲ್ಲಾಡುತ್ತಿತ್ತು. ಮೊಳ ಎಣಿಸುತ್ತಿದ್ದಳು. ಇದ್ದಕ್ಕಿದ್ದಂತೆ ನಿಲ್ಲಿಸಿ, "ಬಿಡ್ತು, ಬಿಡ್ತು" ಎಂದು ಪಕ್ಕಕ್ಕೆ ಉಗಿದು, ಒಳಗಿದ್ದ ಜಯಮ್ಮನನ್ನು ಕೂಗಿದಳು.

"ಇವತ್ತಿಂದ ಅವನಿಗೆ ಇನ್ನೊಂದು ಮುದ್ದೆ ಜಾಸ್ತಿ ಇಕ್ಕವ್ವ. ಡಾಕ್ಟ್ರು ಹೇಳ್ದಂಗೆ ಕೇಳಿದ್ದು ಸಾಕು. ಅಗಲ ಆಗ್ಲಿ."

ಮಧ್ಯಾಹ್ನ ತಟ್ಟೆಯಲ್ಲಿ ಎರಡು ಮುದ್ದೆ ಕೂತಿದ್ದವು. ಬೇಡವೆನ್ನಲು ಬಾಯಿ ತೆರೆದೆ. ನಾನು ಬಾಯಿ ತೆರೆದಾಗ ಏನೇನಾಗುತ್ತದೆ ಎಂಬುದು ನೆನಪಾಗಿ, ಮಾತಾಡದೆ ಮುದ್ದೆ ನುಂಗಿದೆ.