ಟ್ರಯಲ್ ರೂಮಿನಲ್ಲಿ ಮದುಮಗಳು

ತಿರುಗುಬಲದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಬೋಧಿಸುತ್ತಿರುವವನು ನಾನು. ಆದ್ದರಿಂದ ನನ್ನ ಹೆಂಡತಿ ಶ್ಯಾಮಲಾ ಜೋಗುಪಾಳ್ಯದಲ್ಲಿ ಹೊಲಿಗೆ ಅಂಗಡಿ ಹಾಕಿ, ಬಟ್ಟೆ ತೊಟ್ಟು ನೋಡಲು ಟ್ರಯಲ್ ರೂಮ್ ಬೇಕು, ಬಡಗಿಯನ್ನು ಕರೆಸೋಣ ಎಂದಾಗ ನನಗೆ ನಗು ಬಂತು.

"ನಾಲ್ಕು ಪ್ಲೈವುಡ್ ಹಲಗೆ ನಿಲ್ಸೋಕೆ ಬಡಗಿ ಯಾಕೆ? ಒಂದು ಇಂಪ್ಯಾಕ್ಟ್ ಡ್ರೈವರ್ ತಗೊಂಡ್ರೆ ನಾನೇ ಮಾಡ್ತೀನಿ. ಮನೆಗೂ ಆಗುತ್ತೆ, ಅಂಗಡಿಗೂ ಆಗುತ್ತೆ."

"ಅದೇನ್ರೀ ಅದು?"

"ಬ್ಯಾಟರಿ ಮೆಷಿನ್ ಕಣೇ. ಸ್ಕ್ರೂನ ತಿರುಗಿಸ್ತಾ ತಿರುಗಿಸ್ತಾ ಸುತ್ತಿಗೆ ಏಟೂ ಕೊಡುತ್ತೆ. ಗುಂಡಿ ಒತ್ತಿದ್ರೆ ಮುಗೀತು."

ಮುಂದಿನ ಎರಡು ವಾರ ನಾನು ರಾತ್ರಿ ಹಗಲೆನ್ನದೆ ವೀಡಿಯೊ ನೋಡಿದೆ. ಅಷ್ಟು ದಿನವೂ ಶ್ಯಾಮಲಾ ಅಂಗಡಿಯ ಮೂಲೆಯಲ್ಲಿ ಬೆಡ್‌ಶೀಟ್ ಅಡ್ಡ ಹಿಡಿದುಕೊಂಡು ನಿಂತಳು. ವಿಜ್ಞಾನಕ್ಕೆ ತ್ಯಾಗ ಅನಿವಾರ್ಯ!

ಕೊನೆಗೆ ಶಿವಾಜಿನಗರದಲ್ಲಿ ಮೆಷಿನ್ ಮಾರುವ ನಯಾಜ್ ಭಾಯ್ ಅಂಗಡಿಗೆ ಹೋದೆ. ಅವರು ಎರಡು ಡ್ರೈವರ್ ತೆಗೆದು ಗಾಜಿನ ಮೇಲಿಟ್ಟರು. ಎರಡೂ ಒಂದು ಗೇಣಿಗಿಂತ ಚಿಕ್ಕವೇ.

"ಸಾರ್, ಇದು ಹನ್ನೆರಡು ವೋಲ್ಟು. ಹಗುರ ಇದೆ, ಮೂರು ಸ್ಪೀಡ್ ಇದೆ. ಪ್ಲೈವುಡ್‌ಗೆ ಮೊದಲನೇ ಸ್ಪೀಡಲ್ಲಿಟ್ಟು ನಿಧಾನಕ್ಕೆ ಒತ್ತಿ, ಅಷ್ಟೇ."

"ಆ ಇನ್ನೊಂದು?"

"ಅದು ಹದಿನೆಂಟು ವೋಲ್ಟು. ಸ್ಪೀಡ್ ಬದಲಾಯಿಸೋಕೆ ಬರಲ್ಲ. ಕಬ್ಬಿಣದ ಕೆಲಸದೋರು ತಗೊಂಡು ಹೋಗ್ತಾರೆ ಸಾರ್. ನಿಮಗ್ಯಾಕೆ ಅದು, ಸ್ಕ್ರೂ ತಲೆ ಹಾಳಾಗ್ಬಿಡತ್ತೆ."

"ತಿರುಗುಬಲ ಎಷ್ಟು ನ್ಯೂಟನ್ ಮೀಟರ್?"

ನಯಾಜ್ ಭಾಯ್ ಡಬ್ಬಿ ತಿರುಗಿಸಿ ನೋಡಿದರು. "ನೂರೆಂಬತ್ತು ಅಂತ ಇದೆ."

ನೂರೆಂಬತ್ತು! ನನ್ನ ಮೈ ಝುಮ್ಮೆಂದಿತು. "ಇದೇ ಕೊಡಿ" ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. "ನಾನು ಫಿಸಿಕ್ಸ್ ಲೆಕ್ಚರರ್" ಎಂದೆ. ಪಾಪ, ಬಿಲ್ ಬರೆದರು.

ಭಾನುವಾರ ಕಾಮಗಾರಿ ಆರಂಭವಾಯಿತು. ಗಟ್ಟಿ ಮರದ ಚೌಕಟ್ಟು, ಅದಕ್ಕೆ ಪ್ಲೈವುಡ್ ಗೋಡೆ, ಹೊರಕ್ಕೆ ತೆರೆಯುವ ಪ್ಲೈವುಡ್ ಬಾಗಿಲು. ಹೆಂಗಸರ ಮಾನದ ಪ್ರಶ್ನೆಯಾದ್ದರಿಂದ ಗೋಡೆ, ಬಾಗಿಲು ಎರಡನ್ನೂ ಸೂರಿನವರೆಗೆ ಎಬ್ಬಿಸಿದೆ. ಕೆಳಗೆ ಮಾತ್ರ ಗಾಳಿಗೆಂದು ನಾಲ್ಕು ಬೆರಳು ಜಾಗ ಬಿಟ್ಟೆ. ಗುಂಡಿ ಒತ್ತಿದರೆ ಸಾಕು, ಮೆಷಿನ್ ಟರ್‌ರ್‌ರ್ ಎಂದು ಅರಚಿ ಸ್ಕ್ರೂಗಳನ್ನು ಬೆಣ್ಣೆಯಲ್ಲಿ ಮುಳುಗಿಸಿದಂತೆ ಮುಳುಗಿಸುತ್ತಿತ್ತು.

"ಸ್ಕ್ರೂ ತಲೇನೇ ಕಾಣಿಸ್ತಿಲ್ವಲ್ರೀ?" ಎಂದಳು ಶ್ಯಾಮಲಾ.

"ಅದಕ್ಕೇ ಫಿನಿಶಿಂಗ್ ಅನ್ನೋದು!"

ಒಳಗಡೆಯ ಚಿಲಕವನ್ನು ಕೂರಿಸುವಾಗ ಅದರ ತೆಳು ತಗಡು ಸ್ವಲ್ಪ ಬಗ್ಗಿತು. ಎಳೆದು ನೋಡಿದೆ, ಬಿಗಿಯಾಗಿತ್ತು. ಹೊಸ ಚಿಲಕ ಬಿಗಿಯಾಗಿಯೇ ಇರುತ್ತದೆ ಎಂದು ತೀರ್ಪು ಕೊಟ್ಟೆ.

ಶುಕ್ರವಾರ ಮಧ್ಯಾಹ್ನ ಕಾಲೇಜು ಮುಗಿಸಿ ನನ್ನ ಕಲಾಕೃತಿಯನ್ನು ನೋಡಲೆಂದೇ ಅಂಗಡಿಗೆ ಬಂದೆ. ಹಲಸೂರಿನ ಸೆಲ್ವಿಯಮ್ಮ ಮಗಳು ಮೀನಾಳೊಂದಿಗೆ ಬಂದಿದ್ದರು. ಅಂದೇ ಸಂಜೆ ಏಳಕ್ಕೆ ಕಮ್ಮನಹಳ್ಳಿಯಲ್ಲಿ ಮೀನಾಳ ರಿಸೆಪ್ಷನ್. ಬ್ಲೌಸ್ ಕೊನೆಯ ಸಲ ತೊಟ್ಟು ನೋಡಿ ಓಡಬೇಕು, ನಾಲ್ಕೂವರೆಗೆ ಮನೆಗೆ ಬ್ಯೂಟಿಷಿಯನ್ ಬರುತ್ತಾಳೆ. ಆಗ ಗಂಟೆ ಮೂರೂಮುಕ್ಕಾಲು.

ಮೀನಾ ಒಳಗೆ ಹೋದಳು. ಚಿಲಕ ಸರಿಯಲಿಲ್ಲವೆಂದು ಕಾಣುತ್ತದೆ, ಅಂಗೈಯಿಂದ ಗುದ್ದಿದಳು. ಠಕ್!

ಐದು ನಿಮಿಷವಾಯಿತು. "ಆಂಟಿ, ಬ್ಲೌಸ್ ಕರೆಕ್ಟಾಗಿದೆ" ಎಂದು ಒಳಗಿಂದ ಧ್ವನಿ ಬಂತು. ಶ್ಯಾಮಲಾಳ ಮುಖ ಅರಳಿತು. ಆಮೇಲೆ ಇನ್ನೊಂದು ಧ್ವನಿ: "ಆಂಟಿ, ಚಿಲಕ ಬರ್ತಾ ಇಲ್ಲ."

"ಗಾಬರಿ ಆಗ್ಬೇಡಮ್ಮ" ಎಂದು ನಾನು ಮುಂದೆ ಬಂದೆ. "ನೀನು ಎಳೀತಾ ಇರು, ನಾನೂ ಇಲ್ಲಿಂದ ಎಳೀತೀನಿ." ಕಾಲೂರಿ ಹಿಡಿಯನ್ನು ಜಗ್ಗಿದೆ. ಹಿಡಿ ಬಂತು. ಬಾಗಿಲು ಬರಲಿಲ್ಲ.

"ಅಯ್ಯೋ ಮುರುಗಾ!" ಎಂದರು ಸೆಲ್ವಿಯಮ್ಮ.

"ಏನೂ ಆಗಿಲ್ಲ. ಕೀಲುಗಳು ಹೊರಗಡೆನೇ ಇವೆ. ಚೌಕಟ್ಟಿನ ಕಡೆ ಸ್ಕ್ರೂ ಬಿಚ್ಚಿ ಬಾಗಿಲನ್ನೇ ಇಳಿಸ್ತೀನಿ. ಎರಡು ನಿಮಿಷ!"

ಮೆಷಿನ್ ತಂದು ಮೊದಲ ಸ್ಕ್ರೂಗೆ ಇಟ್ಟು ಗುಂಡಿ ಒತ್ತಿದೆ. ಒಳಗಿಂದ ಮೀನಾ ಕಿರುಚಿದಳು. ಸ್ಕ್ರೂ ಹೊರಗೆ ಬರಲಿಲ್ಲ, ಇನ್ನಷ್ಟು ಒಳಗೆ ಹೋಯಿತು. ಎರಡನೆಯದಕ್ಕೆ ಇನ್ನೂ ಜೋರಾಗಿ ಒತ್ತಿದೆ. ಅದೂ ಒಳಗೆ ಹೋಯಿತು.

"ರೀ, ಬಿಗಿ ಮಾಡ್ತಾ ಇದ್ದೀರಾ, ಬಿಚ್ತಾ ಇದ್ದೀರಾ?"

ಮೆಷಿನ್ನಿನ ಪಕ್ಕದಲ್ಲಿ ತಿರುಗುವ ದಿಕ್ಕು ಬದಲಿಸುವ ಒತ್ತುಗುಂಡಿ ಇದೆ. ಎರಡು ವಾರದ ಸಂಶೋಧನೆಯಲ್ಲಿ ನಾನು ಬಲವನ್ನಷ್ಟೇ ನೋಡಿದ್ದೆ, ದಿಕ್ಕನ್ನು ನೋಡಿರಲಿಲ್ಲ. ಅದನ್ನು ಹುಡುಕಿ ಒತ್ತುವ ಹೊತ್ತಿಗೆ ಸ್ಕ್ರೂಗಳ ತಲೆಯ ಗೀರು ಸವೆದು ನುಣ್ಣಗಾಗಿತ್ತು. ಡ್ರೈವರ್ ಅದರ ಮೇಲೆ ಗರಗರ ಸುತ್ತಿತು, ಸ್ಕ್ರೂ ಕದಲಲಿಲ್ಲ. ಒಂದಾದ ಮೇಲೊಂದರಂತೆ ಆರು ಸ್ಕ್ರೂಗಳ ತಲೆ ಸವೆಸಿದೆ. ಏಳನೆಯದಕ್ಕೆ ಬ್ಯಾಟರಿ ಮುಗಿಯಿತು.

"ಚಾರ್ಜರ್ ಎಲ್ರೀ?"

"ಮನೇಲಿ."

ನಮ್ಮ ಮನೆ ಕೆ.ಆರ್. ಪುರದಲ್ಲಿ. ಶುಕ್ರವಾರ ಸಂಜೆ ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟಿ ಹೋಗಿ ಬರುವಷ್ಟರಲ್ಲಿ ಮೀನಾಳಿಗೆ ಮಗುವೇ ಹುಟ್ಟಿಬಿಡಬಹುದು! ಈ ಮಾತನ್ನು ನಾನು ಬಾಯಿ ಬಿಟ್ಟು ಆಡಲಿಲ್ಲ. ಸೆಲ್ವಿಯಮ್ಮನ ಕಣ್ಣುಗಳು ನನ್ನನ್ನು ಹಾಗೆ ನೋಡುತ್ತಿದ್ದವು.

ಗಂಟೆ ನಾಲ್ಕೂ ಕಾಲು. ಒಳಗೆ ಫ್ಯಾನಿಲ್ಲ. ಹುಡುಗಿ ಅಳುವ ಸದ್ದು ಕೇಳಿಸತೊಡಗಿತು. ಸೆಲ್ವಿಯಮ್ಮ ನೆಲಕ್ಕೆ ಕೂತು ಕೆಳಗಿನ ಸಂದಿಯಿಂದ ಕೈ ತೂರಿಸಿ ಮಗಳ ಪಾದ ಹಿಡಿದುಕೊಂಡರು. "ಅಳಬೇಡ ನನ್ನ ಕಣ್ಣೇ, ಮುಖ ಊದ್ಕೊಳುತ್ತೆ" ಎನ್ನುತ್ತ ತಾವೇ ಅತ್ತರು. ಅಂಗಡಿ ಬಾಗಿಲಲ್ಲಿ ಜನ ಸೇರಿದರು. ಒಬ್ಬರು ಅಗ್ನಿಶಾಮಕ ದಳ ಎಂದರು. ಇನ್ನೊಬ್ಬರು ಕೊಡಲಿ ಎಂದರು. ಒಳಗೆ ಎರಡೂವರೆ ಅಡಿ ಜಾಗ. ಕೊಡಲಿ ಬಿದ್ದರೆ ಮೊದಲು ಹುಡುಗಿಗೇ ಬೀಳುತ್ತದೆ. ತಮಾಷೆಯಲ್ಲ, ನನಗೆ ನಿಜವಾಗಿಯೂ ಭಯವಾಗಿತ್ತು.

ಶ್ಯಾಮಲಾ ಮಾತ್ರ ನೆಲದ ಮೇಲೆ ಬಿದ್ದಿದ್ದ ಹಿಡಿಯನ್ನು ಎತ್ತಿಕೊಂಡು ನೋಡುತ್ತಿದ್ದಳು. ಅದರ ಸ್ಕ್ರೂಗಳಿಗೆ ಮರದ ಪುಡಿ ಅಂಟಿಕೊಂಡಿತ್ತು.

"ಈ ಸ್ಕ್ರೂ ಹಾಕಿದ್ದೂ ಅದೇ ಮೆಷಿನ್‌ನಲ್ಲೇ ಅಲ್ವಾ?"

"ಹೌದು."

"ಜಾಸ್ತಿ ತಿರುಗಿಸಿ ಪ್ಲೈವುಡ್‌ನ ಪುಡಿ ಮಾಡಿದ್ದೀರಿ. ಹಿಡಿತಾನೇ ಇಲ್ಲ." ಅವಳ ಧ್ವನಿ ಒಮ್ಮೆಲೇ ಏರಿತು. "ಮೀನಾ! ಚಿಲಕದ ಸ್ಕ್ರೂನೂ ಇವರೇ ಹಾಕಿದ್ದು! ಕತ್ತರಿ ಕೊಡ್ತೀನಿ, ಅದರ ಕೆಳಗೆ ತೂರಿಸಿ ಮೀಟು!"

ಕತ್ತರಿ ಸಂದಿಯಿಂದ ಒಳಗೆ ಹೋಯಿತು. ಕರಕ್ ಎಂದು ಒಂದು ಸದ್ದು. ಮತ್ತೊಂದು. ಚಿಲಕ ಸ್ಕ್ರೂ ಸಮೇತ ಬಾಗಿಲಿನಿಂದ ಕಿತ್ತು ಬಂತು, ಬಾಗಿಲು ತೆರೆಯಿತು. ಬೆವರಿನಲ್ಲಿ ನೆಂದ ಮದುಮಗಳು ಹೊರಬಂದಳು. ಬ್ಲೌಸ್ ಮಾತ್ರ ಎಲ್ಲೂ ಸುಕ್ಕುಗಟ್ಟಿರಲಿಲ್ಲ.

ಒಂದು ಸತ್ಯವನ್ನು ಇಲ್ಲಿ ದಾಖಲಿಸಬೇಕು. ನಾನು ಚಿಲಕವನ್ನು ಸರಿಯಾಗಿ ಕೂರಿಸಿದ್ದರೆ ಆ ಹುಡುಗಿ ರಿಸೆಪ್ಷನ್ ಮುಗಿಯುವವರೆಗೂ ಒಳಗೇ ಇರುತ್ತಿದ್ದಳು. ನನ್ನ ಕೆಟ್ಟ ಕೆಲಸವೇ ಅವಳನ್ನು ಕಾಪಾಡಿತು. ಈ ವಾದವನ್ನು ಆ ರಾತ್ರಿ ಶ್ಯಾಮಲಾಳ ಮುಂದೆ ಮಂಡಿಸಿದೆ. ಅವಳು ಮರುದಿನವೇ ಬಡಗಿಯನ್ನು ಕರೆಸಿ ಬಾಗಿಲು ಕಿತ್ತು ಹಾಕಿಸಿದಳು.

ಈಗ ಅಲ್ಲಿ ಬಾಗಿಲಿಲ್ಲ, ದಪ್ಪನೆಯ ಪರದೆ ಇದೆ. ಅಂಗಡಿಗೆ ಮಾತ್ರ ಹೆಸರು ಬಂದಿದೆ. ಮೊನ್ನೆ ನಾನು ಹೊರಗೆ ನಿಂತಿದ್ದಾಗ ಗುರುತಿಲ್ಲದ ಹೆಂಗಸೊಬ್ಬರು ಬಂದು ಕೇಳಿದರು:

"ಸಾರ್, ಯಾರೋ ಪುಣ್ಯಾತ್ಮ ಮದುಮಗಳನ್ನ ಕೂಡಿ ಹಾಕಿದ್ನಂತಲ್ಲ, ಆ ಟೈಲರ್ ಅಂಗಡಿ ಇದೇನಾ?"

"ಇದೇ ಅಮ್ಮ."

"ಯಾರು ಸಾರ್ ಆ ಮನುಷ್ಯ?"

"ನಂಗೊತ್ತಿಲ್ಲಮ್ಮ" ಎಂದೆ ಗಂಭೀರವಾಗಿ. "ನಾನು ಪ್ಯಾಂಟ್ ಉದ್ದ ಕಮ್ಮಿ ಮಾಡ್ಸೋಕೆ ಬಂದೋನು."

ಆಕೆ ತಲೆಯೆತ್ತಿ ಬೋರ್ಡ್ ನೋಡಿದರು. ನನ್ನನ್ನು ನೋಡಿದರು.

"ಲೇಡೀಸ್ ಟೈಲರ್ ಹತ್ರಾನಾ?"