ಬಿಚ್ಚಿದ ಮಿಕ್ಸಿಯೂ ನನ್ನ ನ್ಯಾಯದ ಹೋರಾಟವೂ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸುಮ್ಮಸುಮ್ಮನೆ ಕೋಪ ಬರುವುದಿಲ್ಲ. ತಕ್ಕ ಕಾರಣ ಇದ್ದೇ ಇರುತ್ತದೆ. ಈ ಬೇಸಿಗೆಯಲ್ಲಂತೂ ಆ ಕಾರಣವನ್ನು ನಾನೇ ಫಾರಂ ತುಂಬಿ, ಸಹಿ ಹಾಕಿ ಮನೆಗೆ ತಂದುಕೊಂಡೆ.

ನನ್ನ ಮಗಳು ಮೇಘನಾ ಒಂಬತ್ತನೇ ಕ್ಲಾಸು ಮುಗಿಸಿದ್ದಳು. ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೈಸ್ಕೂಲು ಮಕ್ಕಳಿಗೆಂದೇ ಎರಡು ವಾರದ ಶಿಬಿರ. ಅಲ್ಲಿನ ಲ್ಯಾಬಿನಲ್ಲೇ ಕೆಲಸ, ಅಲ್ಲಿನ ಮೇಷ್ಟರುಗಳದೇ ಪಾಠ. ಸೇರಿಸಿದೆ. ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ಯಾರೂ ಕೇಳದಿದ್ದರೂ "ಮಗಳು ರೋಬೋಟ್ ಮಾಡ್ತಾಳೆ" ಎಂದು ಹೇಳಿಕೊಂಡು ತಿರುಗಿದೆ.

ಮೊದಲ ದಿನ ಸಂಜೆ ಕೇಳಿದೆ, "ಏನಮ್ಮಾ ಮಾಡಿದ್ರಿ ಇವತ್ತು?"

"ಫ್ಯಾನ್ ಬಿಚ್ಚಿದ್ವಿ ಅಪ್ಪ."

ಎರಡನೇ ದಿನ ಇಸ್ತ್ರಿಪೆಟ್ಟಿಗೆ ಬಿಚ್ಚಿದರಂತೆ. ಮೂರನೇ ದಿನ ಸೈಕಲ್ಲು. ನಾಲ್ಕನೇ ದಿನ ಮಿಕ್ಸಿ.

"ರೋಬೋಟ್ ಯಾವಾಗ?"

"ಅದೆಲ್ಲ ಆಮೇಲೆ."

ನನ್ನ ಮೈ ಉರಿಯಿತು. ಸಾಲದ್ದಕ್ಕೆ ಪಕ್ಕದ ಮನೆಯ ಶಿವಲಿಂಗೇಗೌಡರು ಕಾಂಪೌಂಡಿನಾಚೆಯಿಂದ ಉರಿಗೆ ತುಪ್ಪ ಸುರಿದರು. "ಬಿಚ್ಚಾಕೋಕೆ ಕಾಲೇಜ್ ಯಾಕ್ ಸಾರ್ ಬೇಕು? ಗುಜರಿ ಅಂಗಡೀಲಿ ಕೂರ್ಸಿದ್ರೂ ಅದನ್ನೇ ಕಲ್ಸಿಕೊಡ್ತಾರೆ ಬುಡಿ!"

ಸರಿ. ಬಿಚ್ಚುವುದು ವಿದ್ಯೆಯೇ ಅಲ್ಲ ಎಂದು ಸಾಬೀತು ಮಾಡಲು ತೀರ್ಮಾನಿಸಿದೆ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ನಾನು ಅಡುಗೆಮನೆಗೆ ನುಗ್ಗಿದೆ.

"ರೀ, ಮಿಕ್ಸಿ ಮುಟ್ಬೇಡಿ," ಎಂದಳು ಹೆಂಡತಿ ಸುಧಾ. "ನಾಳೆ ನಮ್ಮಣ್ಣ ಅತ್ತಿಗೆ ಊಟಕ್ಕೆ ಬರ್ತಾರೆ. ಮಸಾಲೆ ರುಬ್ಬಬೇಕು."

"ಹತ್ತು ನಿಮಿಷ!"

ಸ್ಕ್ರೂಡ್ರೈವರ್ ಸಿಗಲಿಲ್ಲ. ತರಕಾರಿ ಹೆಚ್ಚುವ ಚಾಕು ಸಿಕ್ಕಿತು. ನಿಜವಾಗಿಯೂ ಹತ್ತೇ ನಿಮಿಷದಲ್ಲಿ ಮಿಕ್ಸಿ ಇಪ್ಪತ್ತು ಮೂವತ್ತು ತುಂಡುಗಳಾಗಿ ನೆಲದ ಮೇಲೆ ಹರಡಿತು. ಕೊನೆಯಲ್ಲಿ ಒಂದು ಪುಟ್ಟ ಸ್ಪ್ರಿಂಗು ಟಿಣ್ ಎಂದು ಹಾರಿ ಫ್ರಿಜ್ಜಿನ ಹಿಂದೆ ಕಣ್ಮರೆಯಾಯಿತು.

"ನೋಡಿದ್ಯಾ? ಇಷ್ಟೇ ಇಂಜಿನಿಯರಿಂಗು!" ಎಂದೆ.

"ನೋಡಿದೆ. ಈಗ ಜೋಡಿಸಿ," ಎಂದಳು ಸುಧಾ.

ಎರಡು ಗಂಟೆ ಜೋಡಿಸಿದೆ. ಕೊನೆಗೆ ನಾಲ್ಕು ಸ್ಕ್ರೂ ಮತ್ತು ಒಂದು ಕಪ್ಪು ತುಂಡು ಹೊರಗೇ ಉಳಿದವು. ಕಂಪನಿಯವರು ಹೆಚ್ಚಿಗೆ ಕೊಟ್ಟಿರಬೇಕು ಎಂದುಕೊಂಡು ಸ್ವಿಚ್ ಹಾಕಿದೆ.

ಮೌನ.

ಮಿಕ್ಸಿಯದೂ, ಹೆಂಡತಿಯದೂ. ಅವಳು ಪಾತ್ರೆ ಎತ್ತಿಕೊಂಡು ಮಸಾಲೆ ರುಬ್ಬಲು ಗೌಡರ ಮನೆಗೆ ಹೊರಟುಹೋದಳು. ಯಾಕೆ ಏನು ಎಂದು ಅಲ್ಲಿ ಸವಿಸ್ತಾರವಾಗಿ ವಿವರಿಸಿದಳೆಂದು ಆಮೇಲೆ ಗೊತ್ತಾಯಿತು.

ಈಗ ನನ್ನ ಕೋಪ ನೇರವಾಗಿ ಕಾಲೇಜಿನ ಮೇಲೆ ತಿರುಗಿತು. ಅವರು ಬಿಚ್ಚುವುದನ್ನು ಕಲಿಸದಿದ್ದರೆ ನಾನು ಬಿಚ್ಚುತ್ತಿದ್ದೆನೇ? ಮಾರನೆಯ ದಿನ ಆಫೀಸಿಗೆ ರಜೆ ಹಾಕಿದೆ. ಮಿಕ್ಸಿಯನ್ನೂ ಹೊರಗುಳಿದ ಸ್ಕ್ರೂಗಳನ್ನೂ ಬಟ್ಟೆ ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದೆ.

ಗೇಟಿನಲ್ಲಿ ಸೆಕ್ಯುರಿಟಿಯವರು ರಿಜಿಸ್ಟರ್ ಮುಂದಿಟ್ಟರು. 'ಭೇಟಿಯ ಉದ್ದೇಶ' ಎಂಬಲ್ಲಿ 'ನ್ಯಾಯ' ಎಂದು ದಪ್ಪಕ್ಷರದಲ್ಲಿ ಬರೆದೆ. ಅವರು ಓದಿ ತಲೆ ಕೆರೆದುಕೊಂಡರು. "ಅದು ಯಾವ ಡಿಪಾರ್ಟ್‌ಮೆಂಟಲ್ಲಿ ಬರುತ್ತೆ ಸಾರ್?"

ಶಿಬಿರ ನಡೆಸುತ್ತಿದ್ದ ಮೇಡಂ ಕಡೆಗೆ ಲ್ಯಾಬಿನ ಬಾಗಿಲಲ್ಲೇ ಗರ್ಜಿಸಿದೆ. "ಮೇಡಂ! ಇದು ಕಾಲೇಜೋ ಗುಜರಿ ಅಂಗಡಿಯೋ? ಮಕ್ಕಳ ಕೈಲಿ ಬರೀ ಬಿಚ್ಚಿಸ್ತೀರಲ್ಲ, ಜೋಡಿಸೋದು ನಿಮಗೆ ಬರುತ್ತೋ ಇಲ್ಲವೋ?"

ಮೂವತ್ತು ಮಕ್ಕಳು ತಿರುಗಿ ನೋಡಿದರು. ಮೇಘನಾ ತಲೆ ತಗ್ಗಿಸಿದಳು.

ಮೇಡಂ ಶಾಂತವಾಗಿ ಒಂದು ಹಾಳೆ ತಂದು ತೋರಿಸಿದರು. ಮೊದಲ ವಾರ ಬಿಚ್ಚುವುದು, ಎರಡನೇ ವಾರ ಜೋಡಿಸುವುದು, ಕೊನೆಯ ದಿನ ಪ್ರದರ್ಶನ. ಕೆಳಗೆ 'ಓದಿ ಒಪ್ಪಿದ್ದೇನೆ' ಎಂದು ನನ್ನದೇ ಸಹಿ! ಓದದೆ ಸಹಿ ಹಾಕುವುದು ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಗಳಿಸಿಕೊಂಡಿರುವ ಏಕೈಕ ಪರಿಣತಿ.

"ಚೀಲದಲ್ಲಿ ಏನಿದೆ ಸಾರ್?" ಎಂದರು ಮೇಡಂ.

ಮಿಕ್ಸಿ ಮೇಜಿನ ಮೇಲೆ ಬಂತು. ಮಕ್ಕಳು ಮುತ್ತಿಕೊಂಡರು. ಮೇಘನಾ ಮುಂದೆ ಬಂದಳು. ನನ್ನ ಮುಖ ನೋಡದೆ ಕೇಳಿದಳು, "ಇದನ್ನ ಬಿಚ್ಚಿದ್ದು ಯಾರು ಸಾರ್?"

ಸಾರ್! ಹೆತ್ತ ಮಗಳು!

"ಅಗ್ರಹಾರದ ಒಬ್ಬ ಮೆಕ್ಯಾನಿಕ್ಕು," ಎಂದೆ.

ಅವಳು ಒಂದು ಸ್ಕ್ರೂ ಎತ್ತಿ ಮೂಸಿದಳು. "ಮೆಕ್ಯಾನಿಕ್ ಅಲ್ಲ ಮೇಡಂ. ತರಕಾರಿ ಚಾಕೂಲಿ ತಿರುಗಿಸಿದ್ದಾರೆ. ಬೆಳ್ಳುಳ್ಳಿ ವಾಸನೆ ಬರ್ತಿದೆ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ.

ಸಂಜೆ ಸ್ಕೂಟರಿನಲ್ಲಿ ಮನೆ ಹತ್ತಿರ ಬಂದೆವು. ಹಿಂದೆ ಕೂತಿದ್ದ ಮೇಘನಾ ಶುರುಮಾಡಿದಳು. "ಮಂಗಳವಾರ ಪೋಷಕರು ಬಂದು ನೋಡಬಹುದಿತ್ತು. ಕರೆದೆ. ರಜ ಸಿಗಲ್ಲ ಅಂದ್ರಿ. ಕಿರುಚೋಕೆ ಮಾತ್ರ ರಜ ಸಿಕ್ತಾ ಅಪ್ಪ?"

ಹಾರ್ನ್ ಹೊಡೆದೆ. ಮುಂದೆ ಯಾರೂ ಇರಲಿಲ್ಲ.

ಪ್ರದರ್ಶನದ ದಿನ ಮನೆಯವರೆಲ್ಲ ಹೋದೆವು. ಗೌಡರೂ ಬಂದರು. ಕರೆದಿರಲಿಲ್ಲ. ಒಂದು ಮೇಜಿನ ಮೇಲೆ ನಮ್ಮ ಮಿಕ್ಸಿ ಮೊದಲಿಗಿಂತ ಕಡಿಮೆ ಸದ್ದು ಮಾಡುತ್ತಾ ತಿರುಗುತ್ತಿತ್ತು. ದುರಸ್ತಿ ಮೇಘನಾಳ ತಂಡದ್ದು. ಮುಂದೆ ಒಂದು ಕಾರ್ಡು. ಗೌಡರು ಕನ್ನಡಕ ಏರಿಸಿ ಇಡೀ ಹಾಲಿಗೆ ಕೇಳುವಂತೆ ಓದಿದರು.

"ಯಂತ್ರ: ಮಿಕ್ಸಿ. ದೋಷ: ಸ್ಪ್ರಿಂಗ್ ಇಲ್ಲ, ಒಳಗಿನ ತುಂಡುಗಳು ಅದಲುಬದಲು. ದೋಷಕ್ಕೆ ಕಾರಣ: ಅಪ್ಪ. ದುರಸ್ತಿ: ಮಿಕ್ಸಿಯದು ಮುಗಿದಿದೆ. ಅಪ್ಪನದು ಪ್ರಯತ್ನದಲ್ಲಿದೆ."

ಮಿಕ್ಸಿ ಕೆಟ್ಟ ಮೇಲೆ ಸುಧಾ ಮೊದಲ ಸಲ ನಕ್ಕಳು. ನನ್ನ ರಕ್ತ ಕುದಿಯಿತು. ಅಷ್ಟರಲ್ಲಿ ಮೇಡಂ ಬಂದು ಕೈ ಮುಗಿದರು.

"ಸಾರ್, ಮುಂದಿನ ವರ್ಷಾನೂ ನೀವೇ ಒಂದೆರಡು ಯಂತ್ರ ಬಿಚ್ಚಿಕೊಡಬೇಕು. ಇಷ್ಟು ಪರಿಪೂರ್ಣವಾಗಿ ಕೆಡಿಸೋರು ನಮ್ಮ ಸ್ಟಾಫಲ್ಲಿ ಯಾರೂ ಇಲ್ಲ."

ಬೈಯಲೆಂದೇ ಬಾಯಿ ತೆರೆದೆ. ಮೇಘನಾ ನನ್ನನ್ನೇ ನೋಡುತ್ತಿದ್ದಳು.

"ಆಗಲಿ ಮೇಡಂ," ಎಂದೆ. "ರಜ ಹಾಕ್ತೀನಿ."