ವಾರಗಿತ್ತಿಯ ಅಳಿಯನ ದೋಣಿ

ನನ್ನ ವಾರಗಿತ್ತಿ ಎಲ್ಲಿರ್ತಾಳೋ ಅಲ್ಲಿ ಒಂದಲ್ಲಾ ಒಂದು ನಗಾಟ ನಡೀತಾನೇ ಇರುತ್ತೆ. ನಗೋದು ಊರು, ಉರಿಯೋದು ನನ್ನ ಹೊಟ್ಟೆ. ಅವಳ ಅಳಿಯ ಕರಾವಳಿಯವನು, ಹಾಯಿದೋಣಿ ಕೊಂಡವ್ನೆ. ಅದರೊಳಗೇ ಅಡುಗೆಮನೆ, ಹಾಸಿಗೆ, ಕಕ್ಕಸು! ನಮ್ಮೂರು ಬಿಳಿಗೆರೆ ತುಂಬಾ ಇದೇ ಸುದ್ದಿ. "ಅಕ್ಕಾ, ನೀನೂ ಬಾ" ಅಂದ್ಲು. ಅವಳೊಬ್ಬಳೇ ಹೋಗಿಬಂದ್ರೆ ಆಮೇಲೆ ಊರಲ್ಲಿ ನನ್ನ ಯಾರು ಮಾತಾಡಿಸ್ತಾರೆ? ಹತ್ತಿದೆ. ನಡುನೀರಲ್ಲಿ ಗಾಳಿ ಎದ್ದು, ಅಟ್ಟದ ಮೇಲಿನ ಕೊಬ್ಬರಿ ಹಂಗೆ ನಾವೆಲ್ಲ ಲೊಟಲೊಟ ಅಂದು, ದೋಣಿ ಜಖಂ ಆಗಿ, ಹೆಂಗೋ ಕಾರವಾರದ ಬಂದರು ಸೇರಿದ್ವಿ. ದೋಣಿ ರಿಪೇರಿ ಆಗೋವರೆಗೂ ಅದರಲ್ಲೇ ವಾಸ.

ತೂಗೋ ನೆಲ

ನೀರ ಮೇಲೆ ನಾನು ಕಕ್ಕಿದ್ದೇ ಕಕ್ಕಿದ್ದು. ಅವಳು ಪಕ್ಕದಲ್ಲೇ ಕೂತು ಚಕ್ಲಿ ತಿಂತಿದ್ಲು. ಬಂದರಲ್ಲಿ ಇಳಿದ ಮೇಲೂ ನನಗೆ ನೆಲ ತೂಗ್ತಾನೇ ಇತ್ತು. ಒಂದು ತೆಂಗಿನಮರ ತಬ್ಬಿಕೊಂಡು ನಿಂತ್ಕೊಂಡೆ. ಮೀನು ಮಾರೋಳೊಬ್ಬಳು, "ಎಂತ ಅಜ್ಜಿ, ಕುಡ್ದಿದ್ರಾ?" ಅಂದ್ಲು.

ವಾರಗಿತ್ತಿ ಚಕ್ಲಿ ಕಡೀತಾ, "ಇಲ್ಲ ಕಣಮ್ಮ, ತಿಪಟೂರು ಕಡೆಯೋಳು. ತೆಂಗು ಕಂಡ್ರೆ ಅಷ್ಟು ಪ್ರೀತಿ" ಅಂದ್ಲು.

ತೂಗೋ ಒಲೆ

ದೋಣೀಲಿ ಒಲೇನ ತೊಟ್ಟಿಲ ಹಂಗೆ ತೂಗುಹಾಕಿರ್ತಾರೆ, ದೋಣಿ ವಾಲಿದ್ರೂ ಪಾತ್ರೆ ನೆಟ್ಟಗಿರ್ಲಿ ಅಂತ. ಆದ್ರೆ ತೂಗೋ ಒಲೇಲಿ ಮುದ್ದೆ ತಿರುವೋಕಾಗುತ್ತಾ? ಸೀರೆ ತುಂಡಲ್ಲಿ ಬಿಗಿಯಾಗಿ ಕಟ್ಟಿಹಾಕಿದೆ. "ಕಟ್ಟಬೇಡಿ ದೊಡ್ಡತ್ತೇ!" ಅಂತ ಅಳಿಯ ಕೂಗೋ ಹೊತ್ತಿಗೆ ಮೀನಿನ ಬೋಟೊಂದು ಹಾದುಹೋಯ್ತು. ಅಲೆ ಬಂತು, ದೋಣಿ ವಾಲ್ತು, ಪಾತ್ರೆ ಮಗುಚ್ತು, ಮುದ್ದೆ ಹಾರ್ತು. ನಾನು ಬೆವರು ಸುರಿಸಿ ತಿರುವಿದ ಮುದ್ದೆ ಹೋಗಿ ಕೂತಿದ್ದೆಲ್ಲಿ? ಅವಳ ತಟ್ಟೇಲಿ!

ಒಂದು ತುತ್ತು ನುಂಗಿ, "ಗಂಟಾಗಿದೆ ಕಣಕ್ಕಾ" ಅಂದ್ಲು.

ಹಾಯಿ ಹೋಯ್ತು

ಹಾಯಿ ಅಂದ್ರೆ ಗಾಳಿ ಹಿಡಿಯೋ ದೊಡ್ಡ ಬಟ್ಟೆ. ಅದು ಹರಿದು ಚಿಂದಿಯಾಗಿತ್ತು. ಅಳಿಯ ವಾರಗಿತ್ತಿ ಮಗನಿಗೆ ಫೋನ್ ಮಾಡಿ, "ಹಾಯಿ ಹೋಯ್ತು ಭಾವಾ" ಅಂದ. ಅಷ್ಟರಲ್ಲಿ ಫೋನು ಕೈಜಾರಿ ನೀರಿಗೆ ಬಿತ್ತು. ತೆಂಗಿನ ಸೀಮೇಲಿ ಹಾಯಿ ಯಾರಿಗ್ಗೊತ್ತು? ಅವನ ಕಿವಿಗೆ ಬಿದ್ದಿದ್ದು "ತಾಯಿ ಹೋಯ್ತು". ನಮ್ಮ ಕಡೆ ಹೆತ್ತವ್ವ ಸತ್ರೂ "ಹೋಯ್ತು" ಅಂತಲೇ ಅನ್ನೋದು.

ಮಾರನೇ ದಿನ ನನ್ನ ಫೋನಿಗೆ ಚಾರ್ಜ್ ಹಾಕಿಸಿದ್ದೇ ತಡ, ನನ್ನ ಮಗ ಫೋನ್ ಮಾಡಿ ಗೋಳೋ ಅಂದ. "ಚಿಕ್ಕವ್ವ ಎಂಥಾ ಜೀವ! ಊರಿಗೂರೇ ಒಲೆ ಹಚ್ಚಿಲ್ಲ ಕಣವ್ವ."

ನನಗೆ ಮೈಯೆಲ್ಲ ಉರೀತು. "ಅವಳು ಸತ್ತಿಲ್ಲ ಕಣ್ಲಾ, ಇಲ್ಲೇ ಚಕ್ಲಿ ತಿಂತಾವ್ಳೆ!"

ಅಳು ಗಕ್ಕನೆ ನಿಂತ್ಕೊಳ್ತು. "ಹಂಗಾದ್ರೆ ಫ್ಲೆಕ್ಸ್ ಏನ್ ಮಾಡೋದವ್ವ?"

ಬಸ್ ಸ್ಟಾಂಡಲ್ಲಿ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನ ಫೋಟೋ ಕಳಿಸ್ದ. ಅದರಲ್ಲಿ ಹಾಕಿದ್ದ ಪಟ ಮದುವೆಯೊಂದರಲ್ಲಿ ನಾವಿಬ್ರೂ ಜೋಡಿ ನಿಂತು ತೆಗೆಸಿದ್ದು. ನನ್ನ ಕತ್ತರಿಸಿ ಬಿಸಾಕಿ, ಅವಳನ್ನ ಬಾಗಿಲಷ್ಟು ದೊಡ್ಡದು ಮಾಡವ್ರೆ. ಉಳಿದಿದ್ದು ಅವಳ ಹೆಗಲ ಮೇಲೆ ನನ್ನ ಕೈಯೊಂದೇ.

"ಜತೇಲಿ ಹೋದ ನಾನೇನಾದೆ ಅಂತ ಒಬ್ಬರಾದ್ರೂ ಕೇಳಿದ್ರೇನ್ಲಾ?" ಅಂದೆ.

"ಕೇಳ್ದೆ ಇರ್ತಾರೇನವ್ವ? ಬಸ್ಸಿಳಿದೋರೆಲ್ಲ ಕೇಳ್ತಾವ್ರೆ, ಆ ಕೈ ಯಾರ್ದು ಅಂತ."